ನಾಲ್ಕರ ಕಿಟಕಿಗೆ ಮೂರು ಮೊಳ

ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಕಥೆ ಶುರು ಮಾಡುವ ಮೊದಲು ಕಿಟಕಿಯ ಕಡೆ ನೋಡುತ್ತಿದ್ದಳು. ಕಿಟಕಿಯಲ್ಲಿ ಯಾವ ಹೊತ್ತಿದೆ ಎಂದು ನೋಡದೆ ಕಥೆ ತೆಗೆಯಬಾರದು ಎಂಬುದು ಅವಳ ನೇಮ. ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ. ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಆಗ ಸಂಜೆ ನಾಲ್ಕು ಗಂಟೆ. ನಾನು ಹುಟ್ಟಿದಾಗ ನಾಲ್ಕು, ಅವ್ವ ಸೊಸೆಯಾಗಿ ಹೊಸ್ತಿಲು ದಾಟಿದಾಗ ನಾಲ್ಕು, ಅವಳಿಗಿಂತ ಮೊದಲು ಆಯಿ ದಾಟಿದಾಗಲೂ ನಾಲ್ಕೇ. ಬೀದಿಯಲ್ಲಿ ಬೆಳಗಾಗುತ್ತಿತ್ತು, ಮಳೆ ಬಂದು ಹೋಗುತ್ತಿತ್ತು, ಹಿತ್ತಿಲಿನಲ್ಲಿ ಕತ್ತಲಾಗುತ್ತಿತ್ತು. ಅಡುಗೆಮನೆಯೊಳಗೆ ಕಾಲಿಟ್ಟರೆ ಮಾತ್ರ ಓರೆಯಾದ ಹಳದಿ ಬಿಸಿಲು ಬಂದು ಗೋಡೆಯ ಮಾಡದ ಮೇಲಿನ ಮೂರನೆಯ ಡಬ್ಬಿಯ ಮೇಲೆ ಕೂತಿರುತ್ತಿತ್ತು. ಅದು ಬೆಲ್ಲದ ಡಬ್ಬಿ. ಅದರ ಮೇಲೆ ಬರೆದಿದ್ದ ನವಿಲಿನ ಬಣ್ಣವೆಲ್ಲ ಆ ಬಿಸಿಲಿಗೆ ಹಾರಿ, ಬರಬರುತ್ತ ಅದು ಕೋಳಿಯ ಹಾಗೆ ಕಾಣತೊಡಗಿತ್ತು.

ನಮ್ಮೂರಲ್ಲಿ ಒಂದೊಂದು ಅಡುಗೆಮನೆಯ ಕಿಟಕಿಗೆ ಒಂದೊಂದು ಹೊತ್ತು. ಬೀಗರು ಹೆಣ್ಣು ಕೊಡುವ ಮೊದಲು ಹೊಲವೆಷ್ಟು ಎಂದು ಕೇಳುವುದಿಲ್ಲ, "ಅವರ ಮನಿ ಕಿಡಕಿ ಎಷ್ಟರದು?" ಎಂದು ಕೇಳುತ್ತಾರೆ. ಮೇಲಿನೋಣಿಯ ನಡುಹಗಲಿನ ಕಿಟಕಿಯವರು ಊರವರ ಹಪ್ಪಳ ಸಂಡಿಗೆಗಳನ್ನೆಲ್ಲ ತಮ್ಮ ಕಿಟಕಿಯ ಕಟ್ಟೆಯ ಮೇಲೆ ಒಣಗಿಸಿಕೊಡುತ್ತಾರೆ, ಬೇಸಿಗೆಯ ಹಂಗಿಲ್ಲ. ನಡುರಾತ್ರಿಯ ಕಿಟಕಿಯ ಮನೆಯಲ್ಲಿ ಮೊಸರು ಹೆಪ್ಪುಗಟ್ಟುವಷ್ಟು ಗಟ್ಟಿಯಾಗಿ ಇನ್ನೆಲ್ಲೂ ಕಟ್ಟುವುದಿಲ್ಲ. ಆದರೆ ಆ ಮನೆಯ ಹೆಣ್ಣುಮಕ್ಕಳು ಪಿಸುಮಾತಿನಲ್ಲೇ ಜಗಳಾಡಬೇಕು. ಬೆಳಕು ಹರಿಯುವ ಹೊತ್ತಿನ ಕಿಟಕಿಯವರ ಮನೆಗೆ ಬಾಣಂತಿಯರ ಹಾಲು ಕಾಯಿಸಲು ಹೋಗುತ್ತದೆ. ಕೋರಿ ಮಾಸ್ತರರ ಅಡುಗೆಮನೆಯಲ್ಲಿ ಯಾವಾಗಲೂ ದೀಪ ಹಚ್ಚುವ ಹೊತ್ತು. ಅದರ ಮಾತು ಮುಂದೆ ಬರುತ್ತದೆ.

ಕಿಟಕಿಯಲ್ಲಿ ಯಾವ ಹೊತ್ತಿದೆಯೋ ಆ ಹೊತ್ತಿನ ಮರ್ಯಾದೆ ನಡೆಸಬೇಕು, ಇದು ಊರ ಪದ್ಧತಿ. ನಾಲ್ಕು ಗಂಟೆ ಎಂದರೆ ಚಹಾದ ಹೊತ್ತು. ಚಹಾದ ಹೊತ್ತಿನಲ್ಲಿ ಬಂದವರನ್ನು ಬರೀ ಬಾಯಲ್ಲಿ ಕಳಿಸುವುದುಂಟೇ? ಮುಂಜಾನೆ ಆರಕ್ಕೆ ಬಂದವರಿಗೂ ನಮ್ಮಲ್ಲಿ ಚಹಾ, ಚುರುಮುರಿ. ಉಂಡು ಕೈ ತೊಳೆದು ಬಂದವರಿಗೂ ಚಹಾ, ಚುರುಮುರಿ. ನಮ್ಮ ಅಜ್ಜ ಬದುಕಿದ್ದಾಗ, "ನಮ್ಮ ಮನಿ ಚಾ ಕುಡೀಲಾರದಾಂವ ಈ ಊರಾಗ ಯಾವಾಂವ ಅದಾನ, ತೋರಸ್ರಿ" ಎಂದು ಕಟ್ಟೆಯ ಮೇಲೆ ಕೂತು ಮೀಸೆ ಮುಟ್ಟಿಕೊಳ್ಳುತ್ತಿದ್ದನಂತೆ. ಚಹಾ ಸೋಸಿದ್ದು ಆಯಿ. ಆಯಿಯ ಕೈ ನಡುಗತೊಡಗಿದ ಮೇಲೆ ಸೋಸಿದ್ದು ಅವ್ವ. ಹಗ್ಗದ ಅಂಗಡಿ ಇಟ್ಟ ನನ್ನಪ್ಪ ಮೀಸೆಯನ್ನೂ ಕಟ್ಟೆಯನ್ನೂ ಅಜ್ಜನಿಂದ ಹಾಗೆಯೇ ಪಡೆದುಕೊಂಡ.

ದಿನಕ್ಕೆ ಎರಡು ಸಲವಾದರೂ ತಪ್ಪದೆ ಬರುತ್ತಿದ್ದವನೆಂದರೆ ಅವ್ವನ ಬೆನ್ನಿಗೆ ಹುಟ್ಟಿದ ತಮ್ಮ, ನನ್ನ ಸೋದರಮಾವ ಯಮನಪ್ಪ. ಚಪ್ಪಲಿ ಬಿಡುವ ಮೊದಲೇ ಅವನ ದನಿ ಒಳಗೆ ಬರುತ್ತಿತ್ತು. "ಅಕ್ಕಾ, ಚಾ ಐತೇನ?"

"ಇಲ್ಲಂದ್ರ ಹೊಳ್ಳಿ ಹೋಗಾಂವೇನ ನೀ?" ಎಂದು ಅವ್ವ ಒಳಗಿಂದಲೇ ಅನ್ನುತ್ತಿದ್ದಳು.

"ಹೆಂಗ ಹೋಗ್ಲಿ? ನಿಮ್ಮ ಕಿಡಕ್ಯಾಗ ನಾಕ ಆಗೇತಿ. ಪದ್ಧತಿ ಮುರದ್ರ ಪಾಪ ನಿನಗ ಬರತೈತಿ ಅಂತ ಕುಡೀತೀನಿ, ನನಗೇನು ಚಟ ಐತೆ?"

ಅವ್ವ ನಗುತ್ತಿದ್ದಳು, ಮೊದಮೊದಲು. ಆಮೇಲೆ ನಗು ಹೋಗಿ ಬರೀ ಉಸಿರು ಉಳಿಯಿತು. ಅವಳು ನಿಂತಲ್ಲೇ ಕಣ್ಣು ಮುಚ್ಚುವುದನ್ನು ನಾನು ನೋಡುತ್ತಿದ್ದೆ. ಹಾಲು ಉಕ್ಕುವ ಒಂದು ಕ್ಷಣ ಮೊದಲು ತಾನಾಗಿ ತೆರೆಯುತ್ತಿದ್ದಳು. ನಿದ್ದೆ ಹೋಗಲಿ, ಅಡುಗೆಮನೆಯಲ್ಲಿ ಕೂತದ್ದನ್ನೇ ನಾನು ಕಂಡಿರಲಿಲ್ಲ. ಕೂತರೆ ಏಳಬೇಕಾಗುತ್ತದೆ, ಅದಕ್ಕೆ ನಿಂತೇ ಇರುವುದು ಸುಲಭ ಅನ್ನುತ್ತಿದ್ದಳು.

ಒಂದು ದಿನ ಅಪ್ಪ ಒಂಬತ್ತು ಮಂದಿಯನ್ನು ಕರೆದುಕೊಂಡು ಬಂದ. "ಕೇಳ್ತೇನ ಇಲ್ಲೆ, ಒಂಬತ್ತು ಚಾ," ಎಂದು ಪಡಸಾಲೆಯಿಂದ ಕೂಗಿದ. ಯಮನಪ್ಪ ಮಾವ ಅಷ್ಟರಲ್ಲಿ ಬಂದು ಹತ್ತನೆಯವನಾದ. ಅವ್ವ ತಟ್ಟೆಯಲ್ಲಿ ಹತ್ತು ಕಪ್ಪು ಹೊಂದಿಸಿ ತಂದು ಎಲ್ಲರ ಮುಂದೆ ಇಟ್ಟಳು, ಸೆರಗು ಸರಿಮಾಡಿಕೊಂಡಳು, "ಕುಡೀರಿ" ಎಂದು ಹೋಗಿ ಒಲೆಗೆ ಬೆನ್ನು ಕೊಟ್ಟು ನಿಂತಳು. ಕಪ್ಪುಗಳಲ್ಲಿ ಇದ್ದದ್ದು ಬಿಸಿನೀರು. ಸಕ್ಕರೆ ಹಾಕಿದ್ದಳು, ಶುಂಠಿ ಜಜ್ಜಿ ಹಾಕಿದ್ದಳು, ಸೋಸಿಯೂ ಇದ್ದಳು. ಚಹಾಪುಡಿ ಹಾಲು ಎರಡನ್ನೂ ಮರೆತಿದ್ದಳು. ಮರ್ಯಾದಸ್ಥರಾದ ಒಂಬತ್ತು ಮಂದಿ ಒಬ್ಬರ ಮುಖ ಒಬ್ಬರು ನೋಡದೆ ಸೊರ್ರನೆ ಕುಡಿದರು. ಮಾವ ಮಾತ್ರ ಕಪ್ಪನ್ನು ಬೆಳಕಿಗೆ ಹಿಡಿದು, "ಅಕ್ಕಾ, ಚಾಪುಡಿ ಈಸಿ ದಂಡಿಗೆ ಹೋಗೇತಿ ನೋಡು" ಎಂದ. ಯಾರೋ ಕಿಸಕ್ಕೆಂದರು.

ಅವ್ವ ಬಾಗಿಲಿಗೆ ಬಂದು ಕಪ್ಪುಗಳನ್ನು ಒಂದೊಂದಾಗಿ ನೋಡಿದಳು. ನಗಲಿಲ್ಲ, ನಾಚಲಿಲ್ಲ, ಮತ್ತೆ ಮಾಡಿ ತರುತ್ತೇನೆ ಎನ್ನಲೂ ಇಲ್ಲ. "ಹೌದಲ್ಲ," ಎಂದಳು ಅಷ್ಟೇ. ಬಾಗಿಲ ಚೌಕಟ್ಟಿಗೆ ಹಣೆ ಆನಿಸಿ ಹಾಗೇ ನಿಂತುಬಿಟ್ಟಳು. ಮಂದಿ ಒಬ್ಬೊಬ್ಬರೇ ಎದ್ದು ಹೋದ ಮೇಲೆ ಅಪ್ಪ ಬಹಳ ಹೊತ್ತು ಮೀಸೆ ತಿರುವಿ, "ಕಿಡಕಿಗೆ ಒಂದ ಪಡದಾ ಹಾಕಿಸೂಣ ಬಿಡ್ರಿ" ಎಂದ. ಮೂರು ತಲೆಮಾರಿನಲ್ಲಿ ಆ ಮನೆಯಲ್ಲಿ ಯಾರೂ ಆಡದ ಮಾತು ಅದು.

ನಮ್ಮೂರಲ್ಲಿ ಪರದೆ ಎಂದರೆ ಸಸಾರದ ಮಾತಲ್ಲ. ಪರದೆಯ ಬಟ್ಟೆಗೆ ಯಾವ ಹೊತ್ತು ಹತ್ತಿದೆಯೋ ಕಿಟಕಿಯ ಹೊತ್ತು ಅದಾಗುತ್ತದೆ. ಒಮ್ಮೆ ಕಟ್ಟಿದ್ದನ್ನು ಹನ್ನೆರಡು ವರ್ಷ ಬಿಚ್ಚಬಾರದು. ಬಿಚ್ಚಿದರೆ ಕಿಟಕಿ ಕುರುಡಾಗುತ್ತದೆ. ಆದ್ದರಿಂದ ಯಾವ ಹೊತ್ತು ಬೇಕೆಂದು ಅಂದು ಸಂಜೆ ಪಡಸಾಲೆಯಲ್ಲಿ ಕೂತು ಮಾತಾಡಿದೆವು.

"ಮುಂಜಾನಿ ಏಳು ಇರಲಿ," ಎಂದ ಅಪ್ಪ. "ಮನಸ್ಸು ಹಗರಿರತೈತಿ."

"ಏಳಕ್ಕೂ ಚಾ ಬೇಕಾಗತೈತಲ್ಲ ಮಾವಾರ," ಎಂದ ಯಮನಪ್ಪ ಮಾವ. "ಅದರ ಬದಲಿ ಹನ್ನೆರಡೂವರಿ ಮಾಡ್ರಿ. ಬಂದಾವರು ಉಂಡ ಹೋಗ್ಲಿ."

"ನೀ ಉಣ್ಣಾಕ ಒಂದು, ಕುಡ್ಯಾಕ ಒಂದು, ಎರಡು ಪಡದಾ ಹಾಕ್ಸತೀನಿ ಸುಮ್ಮನಿರು," ಎಂದು ಅಪ್ಪ ಗದರಿದ. ಆಯಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, "ನನ್ನ ಕೇಳಬ್ಯಾಡ್ರೆಪ್ಪ. ನಾ ನಾಕರಾಗ ಮುಗದ್ಹೋದಾಕಿ" ಎಂದಳು. ನನ್ನ ಕೇಳಿದರು. "ನೋಡೋಣು" ಎಂದೆ, ಮನಸ್ಸಿನಲ್ಲಿದ್ದದ್ದನ್ನು ಹೇಳಲಿಲ್ಲ. ಅವ್ವ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಅವಳನ್ನು ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವಳಿಗೋಸ್ಕರ ತಾನೇ ಇದೆಲ್ಲ ಎಂಬ ಸಮಾಧಾನದಲ್ಲಿದ್ದೆವು.

ನನ್ನ ಮನಸ್ಸಿನಲ್ಲಿದ್ದದ್ದು ಕೋರಿ ಮಾಸ್ತರರ ಮನೆಯ ಹೊತ್ತು. ಹಗಲು ಹೊತ್ತಿನಲ್ಲಿ ಕಥೆ ಹೇಳಿದರೆ ಸೋದರಮಾವನಿಗೆ ದಾರಿ ತಪ್ಪುತ್ತದೆ ಎಂದು ಆಯಿ ನಂಬಿದ್ದಳು. ನಮ್ಮ ಅಡುಗೆಮನೆಯಲ್ಲಿ ಕತ್ತಲಾಗುವುದೇ ಇಲ್ಲ. ಅಂಗಳದಲ್ಲಿ ಹೇಳು ಎಂದರೆ, "ಒಲಿ ಮುಂದ ಹೇಳಿದ್ದು ಕಥಿ. ಅಂಗಳದಾಗ ಹೇಳಿದ್ದು ಸುದ್ದಿ" ಎನ್ನುತ್ತಿದ್ದಳು. ಹೀಗಾಗಿ ನಾನು ಚಿಕ್ಕವಳಿದ್ದಾಗಿನಿಂದ ಅವಳು ನನ್ನ ಬೆರಳು ಹಿಡಿದು ಮಾಸ್ತರರ ಅಡುಗೆಮನೆಗೆ ಕರೆದೊಯ್ದು, ಅಲ್ಲಿಯ ಮಬ್ಬು ಕೆಂಪು ಬೆಳಕಿನಲ್ಲಿ ಕಥೆ ಹೇಳುತ್ತಿದ್ದಳು. ನನಗೆ ಗೊತ್ತಿರುವ ಲೋಕವೆಲ್ಲ ಆ ಬೆಳಕಿನದು. ಮೂರು ವರ್ಷದ ಹಿಂದೆ ಅವಳ ಮಂಡಿ ಸೋತವು. ಅಷ್ಟು ದೂರ ನಡೆಯುವುದು ನಿಂತಿತು. ಕಥೆ ನಡುವೆಯೇ ನಿಂತಿತು. ಒಂದು ಮನೆಯಲ್ಲಿ ಒಲೆ ಆರಿತ್ತು. ಅತ್ತೆ ಸೊಸೆಯ ಕೈಗೆ ಬೋಕಿ, ಎಂದರೆ ಒಡೆದ ಮಡಕೆಯ ಚೂರು, ಕೊಟ್ಟು, ಪಕ್ಕದ ಮನೆಯಿಂದ ಕೆಂಡ ತಾ ಎಂದು ಕಳಿಸಿದಳು. ಆ ಮನೆಯವರು, ನಮ್ಮದೂ ಆರಿದೆ, ಮುಂದಿನ ಓಣಿಗೆ ಹೋಗು, ಹೇಗೂ ಬಂದಿದ್ದೀ, ಈ ಸೇರು ಜೋಳ ಬೀಸಿಕೊಟ್ಟು ಹೋಗು ಎಂದರು. ಎರಡನೆಯ ಮನೆಯವರು ನೀರು ಸೇದಿಸಿದರು. ಹೀಗೆ ಆರು ಓಣಿ, ಆರು ಮನೆ. ಏಳನೆಯ ಮನೆಯ ಬಾಗಿಲಲ್ಲಿ ಸೊಸೆ ಬೋಕಿ ಹಿಡಿದು ನಿಂತಿದ್ದಳು. ಮೂರು ವರ್ಷದಿಂದ ನಿಂತೇ ಇದ್ದಳು. ನಾನು ಮಲಗಿದಾಗಲೂ ಎದ್ದಾಗಲೂ ಅವಳು ಅಲ್ಲಿ ನಿಂತಿರುವುದು ನನಗೆ ಕಾಣುತ್ತಿತ್ತು.

ಪರದೆ ಹೊಲಿಯುವವಳು ಮಾಬೂಬಿ. ಅವಳ ಅಂಗಡಿಯಲ್ಲಿ ಬಟ್ಟೆ ಕಡಿಮೆ. ಅವಳ ಬಟ್ಟೆಗಳು ಊರ ಕಿಟಕಿಗಳಲ್ಲಿ ಇರುತ್ತಿದ್ದವು. ಒಂದು ಹೊತ್ತು ಹತ್ತಬೇಕಾದರೆ ಬಟ್ಟೆ ಆ ಹೊತ್ತಿನ ಬೆಳಕಿನಲ್ಲಿ ಒಂದು ವರ್ಷ ಬಿದ್ದಿರಬೇಕು ಎನ್ನುತ್ತಿದ್ದಳು. ಬಣ್ಣ ನೋಡಿ ಆರಿಸಲು ಬಂದವರನ್ನು ಬೈದು ಕಳಿಸುತ್ತಿದ್ದಳು. ಅವಳದು ಇನ್ನೊಂದು ಕಟ್ಟುಪಾಡಿತ್ತು. ಟೇಪು ಹಿಡಿದು ಅಳೆಯುತ್ತಿರಲಿಲ್ಲ. ಆ ಕಿಟಕಿಯ ಮುಂದೆ ಹೆಚ್ಚು ನಿಲ್ಲುವವಳು ಯಾರೋ ಅವಳೇ ಬಂದು ಬಟ್ಟೆಯ ಮೇಲೆ ತನ್ನ ಕೈಯಿಟ್ಟು, ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ ಕೊಡಬೇಕು.

ಅವ್ವನೇ ಹೋಗಬೇಕಿತ್ತು. ಹೊರಡುವ ಹೊತ್ತಿಗೆ ನಾಲ್ಕು ಮಂದಿ ಬಂದರು. "ನೀ ಹೋಗಿ ಅರಿವಿ ನೋಡಿ ಬಾ ದಾನಿ," ಎಂದಳು ಅವ್ವ ನನಗೆ, ಚಹಾಪುಡಿಯ ಡಬ್ಬಿ ಕೆಳಗಿಡದೆ. "ಕಿಡಕಿ ಮೂರು ಮೊಳ ಐತಿ ಅಂತ ಹೇಳು. ಮೊಳ ಕೊಡಾಕ ನಾಳೆ ನಾ ಬರತೀನಿ ಅನ್ನು."

ಅಂಗಡಿಯಲ್ಲಿ ಅಂದು ಮಾಸ್ತರರ ಕಿಟಕಿಯಿಂದ ಇಳಿಸಿ ತಂದ ಬಟ್ಟೆ ಇತ್ತು. ಮಾಬೂಬಿ ಅದನ್ನು ಬಿಚ್ಚಿ ಹಿಡಿದಾಗ ಅವಳ ಮುಖ, ಗೋಡೆ, ನನ್ನ ಕೈ ಎಲ್ಲ ದೀಪ ಹಚ್ಚುವ ಹೊತ್ತಿನ ಬಣ್ಣಕ್ಕೆ ತಿರುಗಿದವು. ಅವ್ವ ನಾಳೆ ಬಂದರೆ ಬೇರೆ ಏನನ್ನಾದರೂ ಆರಿಸಿಯಾಳು. ಏಳನೆಯ ಮನೆಯ ಬಾಗಿಲು ಇನ್ನು ತೆರೆಯಲಿಕ್ಕಿಲ್ಲ.

"ಇದನ್ನ ಕೊಡು ಮಾಬೂಬಿ. ಮೂರು ಮೊಳ."

"ಯಾರ ಮೊಳ?"

"ನಂದ," ಎಂದು ಕೈ ಚಾಚಿದೆ.

ಅವಳು ನನ್ನ ಅಂಗೈ ತಿರುಗಿಸಿ ನೋಡಿದಳು. ಅಲ್ಲಿ ಒಂದು ಸುಟ್ಟ ಕಲೆಯೂ ಇರಲಿಲ್ಲ. "ಕಿಡಕಿ ಮುಂದ ನಿಂದರಾಕಿ ನೀನೇನ? ನೆಟ್ಟಗ ಹೇಳು. ಮೊಳ ಕೊಟ್ಟಾಕಿದ ಹೊತ್ತು ಆಕಿಗೇ ಗಂಟು ಬೀಳತೈತಿ. ಹನ್ನೆರಡು ವರ್ಷ ಆ ಹೊತ್ತಿನ ಕೆಲಸ ಆಕೀನ ಮಾಡಬೇಕು. ಲಗ್ನ ಆಗೂ ಹುಡಿಗ್ಯಾರು ಮೊಳ ಕೊಡೂದಿಲ್ಲವಾ."

"ನಾನs ನಿಂದರತೀನಿ," ಎಂದೆ. ಹಳೆಯವರ ಮಾತು ಎಂದುಕೊಂಡೆ. ನನ್ನ ಮೊಣಕೈ ಬಟ್ಟೆಯ ಮೇಲೆ ಮೂರು ಸಲ ಕೂತೆದ್ದಿತು. ಕತ್ತರಿ ಹಾಯ್ದುಹೋಯಿತು. ಮನೆಗೆ ಬಂದು ಅವ್ವನಿಗೆ, "ಮಾಬೂಬಿ ಮೊಳ ಬ್ಯಾಡಂದ್ಲು, ನಿನ್ನ ಅಳತಿ ಆಕಿಗೆ ಗೊತ್ತೈತಂತ" ಎಂದು ಸುಳ್ಳು ಹೇಳಿದೆ. ಅವ್ವ ತಲೆಯಾಡಿಸಿದಳು. ಯಾವ ಹೊತ್ತು ಎಂದು ಕೇಳಲೂ ಇಲ್ಲ. "ನಾಕ ಅಲ್ಲಾ? ಸಾಕು," ಎಂದಳು.

ಪರದೆ ಕಟ್ಟಿದ ದಿನ ಎಲ್ಲರೂ ಅಡುಗೆಮನೆಯಲ್ಲಿ ಸೇರಿದ್ದೆವು. ಅಪ್ಪ ಸ್ಟೂಲು ಹತ್ತಿ ಕೋಲು ಸಿಕ್ಕಿಸಿದ. ಬೆಲ್ಲದ ಡಬ್ಬಿಯ ಮೇಲಿನ ಬಿಸಿಲು ಮೆಲ್ಲಗೆ ಎದ್ದು ಹೋಯಿತು. ಮಾಡ, ಡಬ್ಬಿ, ಒಲೆ, ನಮ್ಮ ಮುಖಗಳ ಮೇಲೆಲ್ಲ ಮುಸ್ಸಂಜೆ ಇಳಿಯಿತು. ಆಯಿ "ಶಿವಾ" ಎಂದು ಕೈ ಮುಗಿದಳು. ಆಮೇಲೆ ಮಾವ, "ಅಲ್ಲೇನದು?" ಎಂದು ಕೆಳಗೆ ಬೆರಳು ಮಾಡಿದ.

ಪರದೆ ನಾಲ್ಕು ಬೆರಳು ಮೋಟಾಗಿತ್ತು. ಅದರ ಕೆಳಗಿನ ಸಂದಿಯಿಂದ ನಾಲ್ಕು ಗಂಟೆಯ ಹಳದಿ ಬಿಸಿಲು ನೆಲದ ಮೇಲೆ ಉದ್ದಕ್ಕೆ ಪಟ್ಟಿಯಂತೆ ಬಿದ್ದಿತ್ತು.

ಅಂದಿನಿಂದ ಅವ್ವನ ಪಾಲಿಗೆ ಎರಡು ಹೊತ್ತು. ಕಿಟಕಿಯಲ್ಲಿ ಮುಸ್ಸಂಜೆ ಇದ್ದಮೇಲೆ ದೀಪ ಹಚ್ಚಬೇಕು, ರೊಟ್ಟಿ ಬಡಿಯಬೇಕು. ನೆಲದ ಮೇಲೆ ನಾಲ್ಕು ಇದ್ದಮೇಲೆ ಚಹಾ ಇಡಬೇಕು. ಬಂದವರು ನೆಲ ನೋಡಿ ಚಹಾ ಕುಡಿದರು, ಕಿಟಕಿ ನೋಡಿ ಊಟಕ್ಕೆ ಕೂತರು. "ಮನಿ ಅಂದ್ರ ಇದು ನೋಡ್ರಿ," ಎಂದು ಹೊಗಳಿ ಎಲೆಅಡಿಕೆ ಹಾಕಿಕೊಂಡು ಹೋದರು. ನನ್ನ ಆಸೆಯೂ ಕೈಗೂಡಲಿಲ್ಲ. ಕಥೆ ಹೇಳು ಎಂದರೆ ಆಯಿ ನೆಲದ ಕಡೆ ತೋರಿಸಿ, "ನಾಕ ಬಟ್ಟು ಹಗಲ ಉಳದೈತೆವಾ. ಯಮನಪ್ಪ ಎಲ್ಲೆರೆ ದಾರಿ ತಪ್ಪಿಗಿಪ್ಪ್ಯಾನು" ಎಂದಳು.

ನಾನು ಹಿಟ್ಟು ನಾದಿದೆ, ಕಪ್ಪು ತೊಳೆದೆ, ಅವ್ವನ ಹಿಂದೆ ಮುಂದೆ ಸುಳಿದೆ. ಅವ್ವ ಏನೂ ಅನ್ನಲಿಲ್ಲ. ಅನ್ನಲು ಶಕ್ತಿ ಬೇಕು. ಹನ್ನೊಂದನೆಯ ದಿನ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, ಕಿಟಕಿಯನ್ನು ಮೇಲಿಂದ ಕೆಳಗೆ ನೋಡಿ, "ದಾನಿ, ಕೈ ತಾ ಇಲ್ಲೆ" ಎಂದಳು.

ಕೊಟ್ಟೆ. ಅವಳು ತನ್ನ ಮೊಣಕೈಗೆ ನನ್ನ ಮೊಣಕೈ ಜೋಡಿಸಿ, ಹಿಟ್ಟು ಹತ್ತಿದ ತನ್ನ ಕೈಗೆ ನನ್ನ ಕೈಯನ್ನು ಒತ್ತಿ ಹಿಡಿದಳು. ನನ್ನ ಬೆರಳುಗಳು ಅವಳ ಬೆರಳ ತುದಿಯನ್ನು ಮುಟ್ಟಲಿಲ್ಲ. ಒಂದು ಬೆರಳಗಲಕ್ಕಿಂತ ಚೂರು ಹೆಚ್ಚು ಉಳಿಯಿತು. ಅದನ್ನು ಮೂರು ಸಲ ಲೆಕ್ಕ ಹಾಕುವುದು ಯಾರಿಗೂ ಕಷ್ಟವಲ್ಲ.

"ನೀ ಕೊಟ್ಟಿಯೇನ ಮೊಳ?"

ಹೌದೆಂದು ತಲೆಯಾಡಿಸಿದೆ. ಬೈಯುತ್ತಾಳೆ ಎಂದುಕೊಂಡೆ, ಬೈದರೆ ಹಗುರಾಗುತ್ತಿತ್ತು. ಅವಳು ನನ್ನ ಕೈ ಬಿಡದೆ ಅಂಗೈ ಸವರಿದಳು. "ನಾಕ ಬಟ್ಟು ಹ್ವಾದ್ರ ಹೋಗ್ಲಿ. ನೀ ಯಾಕ ಕೊಟ್ಟಿ ಕೈಯಿ? ಹನ್ನೆರಡು ವರ್ಷ ಅಂದ್ರ ಏನಂತ ಗೊತ್ತೈತೇನ ನಿನಗ?"

"ಗೊತ್ತಿಲ್ಲವಾ."

"ನನಗೂ ಗೊತ್ತಿದ್ದಿಲ್ಲ," ಎಂದಳು ಅವ್ವ. ನನ್ನ ಕೈಗೆ ಹತ್ತಿದ ಹಿಟ್ಟನ್ನು ತನ್ನ ಸೆರಗಿನಿಂದ ಒರೆಸಿದಳು, ಚಿಕ್ಕ ಮಕ್ಕಳಿಗೆ ಒರೆಸುವ ಹಾಗೆ.

ಅಂದೇ ಒಲೆ ಆರಿಸಿ, ಬಂದವರಿಗೆ ಆಯಿಯನ್ನು ಕಾವಲಿಟ್ಟು, ನನ್ನನ್ನು ಕರೆದುಕೊಂಡು ಮಾಬೂಬಿಯ ಅಂಗಡಿಗೆ ನಡೆದಳು. ದಾರಿಯಲ್ಲಿ ಮಾವ ಎದುರಾದ. "ಅಕ್ಕ ಬೀದ್ಯಾಗ! ಮುಂಜಾನಿ ಸೂರ್ಯ ಯಾ ಕಡೆ ಹುಟ್ಟ್ಯಾನ?" ಎನ್ನುತ್ತ ನಮ್ಮ ಹಿಂದೆಯೇ ಬಂದ.

"ಬಿಚ್ಚಾಕ ಬರೂದಿಲ್ಲವಾ," ಎಂದಳು ಮಾಬೂಬಿ. ನನ್ನ ಕಡೆ ನೋಡಿ ಹಲ್ಲು ಕಡಿದಳು. "ಈ ಹುಡಿಗಿ ನನ್ನ ಮಕಾ ನೋಡಿ ಸುಳ್ಳು ಹೇಳ್ತು. ಮುಸ್ಸಂಜಿ ಇನ್ನ ಈಕಿದ. ಆದ್ರ ಕಟ್ಟಿದ್ದಕ್ಕ ಕೂಡಸಾಕ ಬರತೈತಿ. ತೆಳಗ ನಾಕ ಬಟ್ಟಿಂದು ಒಂದ ಪಟ್ಟಿ ಹಚ್ಚತೀನಿ. ಈ ಸಲ ನಿನ್ನ ಬೆರಳ ಕೊಡು. ಯಾವ ಹೊತ್ತಿನ ಅರಿವಿ ಬೇಕು ಹೇಳು."

ಅವ್ವ ತಬ್ಬಿಬ್ಬಾದಳು. ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಅವಳು ಅಂಗಡಿಯ ಬಟ್ಟೆಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದಳು. ಮುಂಜಾವಿನದನ್ನು ಕೆನ್ನೆಗೆ ಹಿಡಿದು ಇಟ್ಟಳು. ಕೊನೆಗೆ, ತಪ್ಪು ಮಾಡಿದವಳ ಹಾಗೆ ಮೆಲ್ಲಗೆ, "ಎರಡೂವರಿ" ಎಂದಳು.

"ಎರಡೂವರಿ?" ಮಾಬೂಬಿಗೆ ನಗು ಬಂತು. "ಅದನ್ನ ಯಾರು ಕೇಳ್ತಾರವಾ? ಊಟ ಮುಗದಿರತೈತಿ, ಚಾ ಆಗಿರೂದಿಲ್ಲ. ನಾಯಿ ಸೈತ ಬೊಗಳೂದಿಲ್ಲ. ಏನೂ ಇರಲಾರದ ಹೊತ್ತದು."

"ಅದಕ್ಕs ಬೇಕು," ಎಂದಳು ಅವ್ವ.

ಮಾಬೂಬಿಯ ಹತ್ತಿರ ಎರಡೂವರೆಯ ಬಟ್ಟೆ ಇರಲಿಲ್ಲ. ಹತ್ತಿಸಬೇಕೆಂದರೆ ಒಂದು ವರ್ಷ. ಅವ್ವ "ಇರಲಿ ಬಿಡು" ಎಂದು ಎದ್ದಳು. ಆಗ ಮಾವನ ಕಡೆ ನೋಡಿದೆ. ಯಾವತ್ತೂ ಮಾತಿಗೆ ಬಡತನವಿಲ್ಲದ ಮಾವ ಬಾಗಿಲಲ್ಲಿ ಬಾಯಿ ಕಟ್ಟಿ ನಿಂತಿದ್ದ.

"ನಮ್ಮವ್ವನ ಮನಿ ಕಿಡಕಿ ಎರಡೂವರಿದು," ಎಂದ, ಯಾರಿಗೋ ಹೇಳುವ ಹಾಗೆ. "ಅಕ್ಕ ಲಗ್ನಾಗೂ ಮಟ ಅದರ ಬುಡಕs ಕೌದಿ ಹಾಸಿಕೊಂಡು ಮಲಗಾಕಿ. ಅಡಿಗಿಮನ್ಯಾಗ, ನಟ್ಟನಡುವ. ಅವ್ವ ಆಕಿನ್ನ ಎಬ್ಬಸ್ತಿರಲಿಲ್ಲ, ಸುತ್ತ ಹಾಯ್ದು ಹೋಗಾಕಿ. ನನಗೂ ಹಂಗs ಹೋಗು ಅನ್ನಾಕಿ." ಆಮೇಲೆ ಚಪ್ಪಲಿ ಮೆಟ್ಟಿ ಹೊರಟುಹೋದ.

ಒಂದು ತಾಸಿಗೆ ನಮ್ಮ ಮನೆಗೆ ಬಂದ. ಕಂಕುಳಲ್ಲಿ ಅವ್ವನ ಹಳೆಯ ಕೌದಿ. ಹಳೆ ಸೀರೆ ಧೋತರಗಳ ತುಂಡುಗಳೆಲ್ಲ ತೊಳೆದು ತೊಳೆದು ಒಂದೇ ಬಣ್ಣಕ್ಕೆ, ಯಾವ ಬಣ್ಣವೂ ಅಲ್ಲದ ಬಣ್ಣಕ್ಕೆ ಬಂದಿದ್ದವು. ಹತ್ತೊಂಬತ್ತು ವರ್ಷದ ಎರಡೂವರೆ ಅದಕ್ಕೆ ಹತ್ತಿತ್ತು. ಮಾವ ಅದನ್ನು ಹೊಸ್ತಿಲ ಮೇಲೆ ಇಟ್ಟು, ಚಹಾ ಕೇಳದೆ ತಿರುಗಿ ಹೋದ. ಅವನು ನಮ್ಮ ಮನೆಯಿಂದ ಚಹಾ ಕುಡಿಯದೆ ಹೋದದ್ದನ್ನು ಅಪ್ಪ ಬಹಳ ದಿನ ಎಲ್ಲರಿಗೂ ಹೇಳುತ್ತಿದ್ದ.

ಮಾಬೂಬಿ ನಮ್ಮ ಮನೆಗೇ ಬಂದು ಕೌದಿಯ ಅಂಚಿನ ಪದರವನ್ನು ಬಿಚ್ಚಿ, ಅವ್ವನ ನಾಲ್ಕು ಬೆರಳಗಲ ಕತ್ತರಿಸಿ, ಪರದೆ ಇದ್ದಲ್ಲೇ ಕೂತು ಕೈಹೊಲಿಗೆ ಹಾಕಿದಳು. ಕೊನೆಯ ದಾರ ಕಡಿಯುತ್ತಿದ್ದಂತೆ ನೆಲದ ಮೇಲಿನ ಹಳದಿ ಪಟ್ಟಿ ತೆಳುವಾಗಿ, ಬಿಳಿಚಿ, ತಣ್ಣಗಾಯಿತು. ಕಿಟಕಿಯ ಮೇಲೆಲ್ಲ ಮುಸ್ಸಂಜೆ. ಕೆಳಗೆ ಮಾತ್ರ, ನೆಲದಿಂದ ಒಂದು ಗೇಣು ಎತ್ತರದವರೆಗೆ, ಒಬ್ಬರು ಮಲಗುವಷ್ಟು ಅಗಲಕ್ಕೆ ಎರಡೂವರೆ. ನಿಂತವರಿಗೆ ಅದು ಸಿಗುತ್ತಿರಲಿಲ್ಲ. ಕೂತವರಿಗೂ ಸಿಗುತ್ತಿರಲಿಲ್ಲ. ಅವ್ವ ಅದನ್ನು ಕಾಲಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಸೀರೆ ಸರಿಮಾಡಿಕೊಂಡು, ಇಪ್ಪತ್ಮೂರು ವರ್ಷ ನಿಂತ ಅದೇ ನೆಲದ ಮೇಲೆ, ಒಲೆಯ ಮುಂದೆ, ಉದ್ದಕ್ಕೆ ಮಲಗಿದಳು.

ನಾನು ದೀಪ ಹಚ್ಚಿದೆ. ಮುಸ್ಸಂಜೆ ನನ್ನದಾಗಿತ್ತು. ಜೋಳದ ಹಿಟ್ಟು ನಾದಿ, ರೊಟ್ಟಿ ಬಡಿಯುವ ಮರದ ಕೊಣಮಿಗೆಯ ಮುಂದೆ ಕೂತೆ. ಮೊದಲನೆಯ ರೊಟ್ಟಿ ಹರಿಯಿತು, ಎರಡನೆಯದು ಸುಟ್ಟಿತು, ಹಂಚಿಗೆ ಹಾಕುವಾಗ ಕೈಗೊಂದು ಬೊಬ್ಬೆ ಬಂತು. ತೋಳು ಆಗಲೇ ಸೋಲುತ್ತಿತ್ತು. ಹನ್ನೆರಡು ವರ್ಷ ಎಂದರೆ ಏನೆಂದು ಮೊಣಕೈಗೆ ಸ್ವಲ್ಪ ಸ್ವಲ್ಪ ತಿಳಿಯತೊಡಗಿತು. ಆಯಿ ಗೋಡೆ ಹಿಡಿದು ಬಂದು ಸ್ಟೂಲಿನ ಮೇಲೆ ಕೂತಳು. ಅವಳ ತಲೆ ಮುಸ್ಸಂಜೆಯಲ್ಲಿತ್ತು, ಪಾದಗಳು ಎರಡೂವರೆಯಲ್ಲಿದ್ದವು. ಅವಳು ಕಿಟಕಿಯ ಕಡೆ ನೋಡಿದಳು, ನೆಲದ ಕಡೆ ನೋಡಿದಳು, ನಿಟ್ಟುಸಿರು ಬಿಟ್ಟಳು. "ತೆಳಗ ಇನ್ನೂ ಹಗಲ ಐತಿ. ಕಥಿ ಹೇಳಿದ್ರ ಯಮನಪ್ಪಗ ದಾರಿ ತಪ್ಪತೈತಿ."

ನೆಲದಿಂದ ಅವ್ವನ ದನಿ ಬಂತು, ಕಣ್ಣು ಮುಚ್ಚಿಯೇ. "ತಪ್ಪಲಿ ಬಿಡ್ರಿ ಅತ್ತಿ. ಒಂದೊತ್ತು ತಪ್ಪಿದ್ರ ಚಾಪುಡಿ ಉಳೀತೈತಿ. ಹುಡಿಗಿ ಮೂರು ವರ್ಷದಿಂದ ಕಾಯಾಕತ್ತೇತಿ, ಹೇಳ್ರಿ."

ಆಯಿ ಬೊಚ್ಚು ಬಾಯಿ ತೆರೆದು ನಕ್ಕಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. "ಹಂಗಾರ ಕೇಳು. ಸೊಸಿ ಏಳನೇ ಮನಿ ಬಾಗಲದಾಗ ನಿಂತಾಳ. ಕೈಯಾಗ ಬೋಕಿ ಐತಿ. ಕಾಲು ಬಾತಾವ. ಬಾಗಲಾ ಬಡದ್ಲು. ಒಳಗೊಬ್ಬ ಮುದುಕಿ. ಆಕಿ ಒಲಿ ಉರೀತಿತ್ತು."

ಹೊರಗೆ ಹಿತ್ತಿಲ ಬಾಗಿಲು ಕಿರ್ರೆಂದಿತು. ಯಮನಪ್ಪ ಮಾವ ಇಣುಕಿದ. ಇಪ್ಪತ್ಮೂರು ವರ್ಷ ಮುಂಬಾಗಿಲಿನಿಂದಲೇ ಬರುತ್ತಿದ್ದವನು ಹಿತ್ತಿಲಿಗೆ ಹೇಗೆ ಬಂದನೆಂದು ಅವನಿಗೇ ತಿಳಿಯದೆ ತಲೆ ಕೆರೆಯುತ್ತಿದ್ದ. "ಅಕ್ಕಾ, ಚಾ..." ಎನ್ನಲು ಹೋಗಿ ನೆಲದ ಮೇಲೆ ನೋಡಿದ. ಬಾಯಿ ಮುಚ್ಚಿದ. ಚಪ್ಪಲಿ ಕೈಯಲ್ಲಿ ಹಿಡಿದು, ಗೋಡೆಗೆ ಒತ್ತಿಕೊಂಡು, ಅವ್ವನ ಸುತ್ತ ಹಾಯ್ದು ಬಂದು ಹೊಸ್ತಿಲ ಮೇಲೆ ಕೂತ.

"ಮುದುಕಿ ಕೆಲಸ ಹೇಳಲಿಲ್ಲ," ಎಂದಳು ಆಯಿ, ದನಿ ತಗ್ಗಿಸಿ. "ಸೊಸಿ ಮಕಾ ನೋಡಿದ್ಲು. ಬಾರವಾ, ಕುಂದರು ಅಂದ್ಲು. ಸೊಸಿ ಕುಂತ್ಲು."

"ಆಮ್ಯಾಲೆ?" ಎಂದೆ. "ಕೆಂಡ ಸಿಕ್ತೇನ? ಮನಿಗೆ ಹ್ವಾದ್ಲೇನ?"

ಆಯಿ ಉತ್ತರ ಕೊಡುವ ಮೊದಲು ಕೆಳಗೆ ನೋಡಿದಳು. ಅವ್ವನ ಬಾಯಿ ಸ್ವಲ್ಪ ತೆರೆದಿತ್ತು. ಒಂದು ಕೈ ನೆಲದ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು, ಅದರಲ್ಲಿ ಏನೂ ಇರಲಿಲ್ಲ.

"ಇನ್ನೂ ಕುಂತಾಳ," ಎಂದಳು ಆಯಿ. "ಕುಂದರ್ಲಿ ಬಿಡು."

ಕೊಣಮಿಗೆಯಲ್ಲಿ ನಾಲ್ಕನೆಯ ರೊಟ್ಟಿ ಅರ್ಧಕ್ಕೆ ನಿಂತಿತ್ತು. ರೊಟ್ಟಿ ಬಡಿದರೆ ಮೂರು ಮನೆಗೆ ಕೇಳಬೇಕು ಎನ್ನುತ್ತಾರೆ ನಮ್ಮ ಕಡೆ. ನಾನು ಕೈಗೆ ನೀರು ಹಚ್ಚಿಕೊಂಡು, ಒಂದಿಷ್ಟೂ ಸದ್ದಾಗದಂತೆ ಬಡಿಯುವುದನ್ನು ಕಲಿಯತೊಡಗಿದೆ.